ತಾಯಿಯ ಗುಳಿಗೆ ಮತ್ತು ಕೂಸಿನ ಹಾಲು

ತಾಯಿಯ ಎದೆಹಾಲಿಗೆ ಸಾಟಿಯಾದ ಆಹಾರವು ಕೂಸಿಗೆ ಮತ್ತೊಂದಿಲ್ಲವೆಂಬುದನ್ನು ಇಂದು ಅಲ್ಲಗಳೆಯುವವರಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯೂಡಿಸಬೇಕು, ಮೊದಲ ಆರು ತಿಂಗಳು ಎದೆಹಾಲಿನ ಹೊರತು ನೀರನ್ನು ಸಹ ಕೊಡಬಾರದು, ಅನಂತರ ಮೆತ್ತನೆಯ ಆಹಾರದೊಡನೆ ಎರಡು ವರ್ಷ ತುಂಬುವವರೆಗೆ ಅಥವಾ ಅದಕ್ಕೂ ಮುಂದೆ ಹಾಲುಣಿಸುವುದು ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನಮ್ಮ ಹಳ್ಳಿಗಳ ಆಶಾ ಕಾರ್ಯಕರ್ತೆಯರೂ ಇದನ್ನೇ ಹೇಳುತ್ತಾರೆ. ಆದರೆ ಹಾಲುಣಿಸುವ ತಾಯಿಯೇ ದೀರ್ಘಕಾಲದ ವ್ಯಾಧಿಯೊಂದಕ್ಕೆ ನಿತ್ಯವೂ ಔಷಧಿ ಸೇವಿಸುವವಳಾಗಿದ್ದರೆ ಏನು ಮಾಡಬೇಕು? ಈ ಪ್ರಶ್ನೆಗೆ ನಾನು ಒಮ್ಮೆ ತಪ್ಪು ಉತ್ತರವನ್ನು ಕೊಟ್ಟೆ. ಆ ತಪ್ಪಿನಿಂದಲೇ ಈ ಲೇಖನವು ಹುಟ್ಟಿದೆ.

ನನ್ನ ತಂಗಿಯ ಮಗಳಿಗೆ ಹದಿಮೂರನೆಯ ವಯಸ್ಸಿನಿಂದ ಮೂರ್ಛೆರೋಗವಿದೆ. ಕಾರ್ಬಮಜೆಪಿನ್ ಎಂಬ ಗುಳಿಗೆಯನ್ನು ಬೆಳಿಗ್ಗೆ ಮತ್ತು ರಾತ್ರಿ ತಪ್ಪದೆ ಸೇವಿಸುತ್ತ ಬಂದುದರಿಂದ ಮದುವೆಯ ಮುಂಚಿನ ನಾಲ್ಕು ವರ್ಷ ಒಮ್ಮೆಯೂ ಮೂರ್ಛೆ ಬಂದಿರಲಿಲ್ಲ. ಮದುವೆಯ ಮಾತುಕತೆಯಲ್ಲಿ ಬೀಗರಿಗೆ ವಿಷಯವನ್ನು ತಿಳಿಸಿದ್ದೆವು. ಆದರೆ 'ಚಿಕ್ಕಂದಿನಲ್ಲಿತ್ತು, ಈಗ ಇಲ್ಲ' ಎಂದು ಅರ್ಧ ತಿಳಿಸಿದ್ದೆವು. ಚೊಚ್ಚಲ ಹೆರಿಗೆಗೆ ಆಕೆ ತವರಿಗೆ ಬಂದಳು. ಹೆರಿಗೆಯು ಸುಸೂತ್ರವಾಗಿ ಆಯಿತು. ಮೂರನೆಯ ದಿನ ನಾನು ನೋಡಲು ಹೋದಾಗ, ಕೋಣೆಯಲ್ಲಿ ಬೇರಾರೂ ಇಲ್ಲದ ಸಮಯ ನೋಡಿ, "ಮಾಮಾ, ನಾ ಗುಳಗಿ ತಗೋತೀನಲ್ರಿ, ಕೂಸಿಗಿ ಹಾಲ ಕುಡಿಸಿದ್ರ ನಡೀತದೇನ್ರಿ?" ಎಂದು ಕೇಳಿದಳು.

ಮಠದಲ್ಲಿ ವ್ಯಾಕರಣವನ್ನೂ ಶಾಸ್ತ್ರವನ್ನೂ ಓದಿದವನಿಗೆ ವೈದ್ಯವೂ ತಿಳಿದಿರುತ್ತದೆಂಬ ನಂಬಿಕೆ ನಮ್ಮ ಮನೆತನಗಳಲ್ಲಿದೆ. ನನಗೂ ಆ ಭ್ರಮೆ ಇಲ್ಲದಿರಲಿಲ್ಲ. ಚರಕಸಂಹಿತೆಯಲ್ಲಿ ಅಪಸ್ಮಾರ ಚಿಕಿತ್ಸೆಗೆ ಪ್ರತ್ಯೇಕ ಅಧ್ಯಾಯವೇ ಇರುವುದನ್ನೂ, ಕಾಶ್ಯಪಸಂಹಿತೆಯು ಶಿಶುಪಾಲನೆಗೇ ಮೀಸಲಾದ ಗ್ರಂಥವೆಂಬುದನ್ನೂ ನಾನು ಬಲ್ಲೆ. ತಾಯಿ ಉಂಡದ್ದು ಹಾಲಿಗೆ ಇಳಿಯುತ್ತದೆಂದು ಪ್ರಾಚೀನರು ತಿಳಿದಿದ್ದರೆಂಬುದನ್ನೂ ಬಲ್ಲೆ. ಅಷ್ಟನ್ನೇ ನೆಚ್ಚಿಕೊಂಡು, "ಔಷಧಿಯ ಅಂಶ ಹಾಲಿಗೆ ಇಳಿಯುವುದು ಸಹಜ, ಸ್ವಲ್ಪ ನೋಡಿಕೊಂಡು ಮಾಡವ್ವಾ" ಎಂದುಬಿಟ್ಟೆ. ಏನನ್ನು ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬೇಕು ಎಂಬುದು ನನಗೇ ತಿಳಿದಿರಲಿಲ್ಲ.

ತೊಟ್ಟಿಲ ಕಾರ್ಯದ ದಿನ ಬೀಗಿತಿಯವರು ಗೂಡಿನಲ್ಲಿದ್ದ ಗುಳಿಗೆಯ ಚೀಟಿಯನ್ನು ಕಂಡರು. ಅವರು ಜಗಳವಾಡಲಿಲ್ಲ. "ಈ ವಿಷ ಕೂಸಿನ ಹೊಟ್ಟೀಗಿ ಹೋಗ್ತದಲ್ಲವ್ವಾ" ಎಂದು ಒಂದೇ ಮಾತು ಹೇಳಿ ಕೂಸನ್ನು ಎತ್ತಿಕೊಂಡು ಕುಳಿತರು. ನನ್ನ ಮಾತೂ ಅವರ ಮಾತೂ ಆ ಹುಡುಗಿಯ ಮನಸ್ಸಿನಲ್ಲಿ ಒಂದಾದವು. ಹಾಲು, ಗುಳಿಗೆ ಎರಡರಲ್ಲಿ ಒಂದನ್ನು ಬಿಡಬೇಕು ಎಂದು ಆಕೆ ತಿಳಿದಳು. ತಾಯಿಯಾದವಳು ಯಾವುದನ್ನು ಬಿಡುವಳೆಂದು ಹೇಳಬೇಕಾಗಿಲ್ಲ. ಯಾರಿಗೂ ತಿಳಿಸದೆ ಗುಳಿಗೆಗಳನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಡತೊಡಗಿದಳು. ಐದನೆಯ ದಿನ ಬೆಳಗಿನ ಜಾವ, ರಾತ್ರಿಯಿಡೀ ನಿದ್ದೆಯಿಲ್ಲದೆ ಕೂಸಿಗೆ ಹಾಲುಣಿಸುತ್ತಿದ್ದಾಗಲೇ ಮೂರ್ಛೆ ಬಂದಿತು. ನೆಲದ ಮೇಲೆ ಕೌದಿ ಹಾಸಿ ಕುಳಿತಿದ್ದಳಾದ್ದರಿಂದ ಕೂಸು ಕೌದಿಯ ಮೇಲೆ ಜಾರಿ ಅಳತೊಡಗಿತು. ಆ ಅಳುವಿಗೇ ತಂಗಿ ಎದ್ದು ಬಂದಳು. ಹೊರಸಿನ ಮೇಲೆ ಕುಳಿತಿದ್ದರೆ, ಅಥವಾ ಪಕ್ಕದಲ್ಲಿ ಅಗ್ಗಿಷ್ಟಿಕೆ ಉರಿಯುತ್ತಿದ್ದರೆ ಏನಾಗುತ್ತಿತ್ತೆಂದು ಊಹಿಸಲೂ ಮನಸ್ಸು ಬಾರದು.

ಆಸ್ಪತ್ರೆಯಲ್ಲಿ ನರರೋಗ ತಜ್ಞೆಯು ಎಲ್ಲವನ್ನೂ ಕೇಳಿಕೊಂಡು, "ಗುಳಿಗೆ ಬಿಡು ಅಂತ ಹೇಳಿದವರು ಯಾರು?" ಎಂದರು. ಎಲ್ಲರೂ ಸುಮ್ಮನಿದ್ದೆವು. ನಾನು ಹೇಳಬೇಕಾಗಿತ್ತು, ನಾಲಿಗೆ ಏಳಲಿಲ್ಲ. ಹೊರಗೆ ಬಂದ ಮೇಲೆ ತಂಗಿಗೆ ಹೇಳಿದೆ. ಮರುದಿನ ಒಬ್ಬನೇ ಹೋಗಿ ಆ ವೈದ್ಯೆಯ ಮುಂದೆ ಕುಳಿತು, ಅವರು ಬಿಡುವಿದ್ದಾಗಲೆಲ್ಲ ವಿವರಿಸಿದ್ದನ್ನು ಬರೆದುಕೊಂಡೆ. ಅನಂತರ ಸಿಕ್ಕ ಪುಸ್ತಕಗಳನ್ನೂ ಓದಿದೆ. ತಂಗಿಯ ಮಗಳು ಮತ್ತು ಆಕೆಯ ಅತ್ತೆಯವರು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ತಾಯಿಯು ನುಂಗಿದ ಔಷಧಿಯು ನೇರವಾಗಿ ಹಾಲಿಗೆ ಹೋಗುವುದಿಲ್ಲ. ಅದು ಮೊದಲು ರಕ್ತವನ್ನು ಸೇರಬೇಕು, ರಕ್ತದಿಂದ ಹಾಲನ್ನು ತಯಾರಿಸುವ ಜೀವಕೋಶಗಳ ಪೊರೆಯನ್ನು ದಾಟಬೇಕು. ರಕ್ತದಲ್ಲಿರುವ ಪ್ರೋಟೀನಿಗೆ ಅಂಟಿಕೊಂಡ ಔಷಧಿಯು ಈ ಪೊರೆಯನ್ನು ದಾಟಲಾರದು. ಬಿಡಿಯಾಗಿರುವ ಅಂಶ ಮಾತ್ರ ದಾಟೀತು. ಮೂರ್ಛೆರೋಗಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಫೆನಿಟೋಯಿನ್ ನೂರಕ್ಕೆ ಸುಮಾರು ತೊಂಬತ್ತರಷ್ಟು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ; ಕಾರ್ಬಮಜೆಪಿನ್ ಸುಮಾರು ಎಪ್ಪತ್ತೈದರಷ್ಟು. ಹೀಗಾಗಿ ಇವು ಹಾಲಿಗೆ ಇಳಿಯುವುದು ಅಲ್ಪ. ಅಣುವಿನ ಗಾತ್ರವೂ ಮುಖ್ಯ. ಸಕ್ಕರೆ ಕಾಯಿಲೆಯ ಇನ್ಸುಲಿನ್ ಎಷ್ಟು ದೊಡ್ಡ ಅಣುವೆಂದರೆ ಹಾಲಿಗೆ ಬರುವುದೇ ಕಷ್ಟ. ಬಂದರೂ ಅದು ಕೂಸಿನ ಜಠರದಲ್ಲಿ ಜೀರ್ಣವಾಗಿಹೋಗುತ್ತದೆ. ಇಂಜೆಕ್ಷನ್ನನ್ನೇ ತೆಗೆದುಕೊಳ್ಳಬೇಕೆಂಬುದಕ್ಕೆ ಕಾರಣವೂ ಅದೇ ಅಲ್ಲವೆ?

ವೈದ್ಯರು ಇದನ್ನು ಒಂದು ಲೆಕ್ಕದಿಂದ ಅಳೆಯುತ್ತಾರೆ. ತಾಯಿಯು ತನ್ನ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಎಷ್ಟು ಔಷಧಿ ಸೇವಿಸುತ್ತಾಳೆ, ಹಾಲಿನ ಮೂಲಕ ಕೂಸಿಗೆ ಅದರ ಪ್ರತಿ ಕಿಲೋಗೆ ಎಷ್ಟು ತಲುಪುತ್ತದೆ ಎಂಬುದನ್ನು ತಾಳೆ ನೋಡುತ್ತಾರೆ. ಕೂಸಿಗೆ ತಲುಪುವುದು ತಾಯಿಯ ಪ್ರಮಾಣದ ನೂರಕ್ಕೆ ಹತ್ತಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಆತಂಕವಿಲ್ಲವೆಂಬುದು ರೂಢಿಯ ನಿಯಮ. ಔಷಧಿಯೇ ವಿಷಕರವಾದುದಾಗಿದ್ದರೆ ಈ ನಿಯಮವು ಸಾಲದು. ಆ ಮಾತು ಮುಂದೆ ಬರುತ್ತದೆ.

ಇಲ್ಲಿ ನಾವು ಮರೆಯುವ ಸಂಗತಿಯೊಂದಿದೆ. ಗರ್ಭದಲ್ಲಿದ್ದ ಒಂಬತ್ತು ತಿಂಗಳೂ ಆ ಕೂಸು ಹೊಕ್ಕುಳಬಳ್ಳಿಯ ಮೂಲಕ ಅದೇ ಔಷಧಿಯನ್ನು ಪಡೆದೇ ಬೆಳೆದಿದೆ, ಅದೂ ಹಾಲಿನಲ್ಲಿ ಬರುವುದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ. ಆಗ ಕೊಡದ ಗಮನವನ್ನು ಹುಟ್ಟಿದ ಮೇಲೆ ಹಾಲಿನ ಮೇಲೆ ಹರಿಸಿ, ಹಾಲನ್ನೇ ನಿಲ್ಲಿಸುವುದು ವಿಚಿತ್ರ. ಗಾರ್ಡಿನಾಲ್ ಎಂದು ನಮ್ಮ ಹಳ್ಳಿಗಳಲ್ಲಿಯೂ ಪರಿಚಿತವಾದ ಫಿನೋಬಾರ್ಬಿಟಾಲ್ ಸೇವಿಸುವ ತಾಯಿಯು ಹಾಲನ್ನು ಏಕಾಏಕಿ ಬಿಡಿಸಿದರೆ, ಆ ಔಷಧಿಗೆ ಒಗ್ಗಿದ ಕೂಸಿಗೆ ಚಡಪಡಿಕೆ, ನಡುಕ, ಎಡೆಬಿಡದ ಅಳು ಕಾಣಿಸಿಕೊಳ್ಳುವುದುಂಟು. ಬಿಡಿಸುವುದಾದರೂ ಮೆಲ್ಲಮೆಲ್ಲನೆ ಬಿಡಿಸಬೇಕು.

ಎಲ್ಲ ಔಷಧಿಗಳೂ ಒಂದೇ ಬಗೆಯವಲ್ಲ. ಕಾರ್ಬಮಜೆಪಿನ್, ಫೆನಿಟೋಯಿನ್, ವಾಲ್‌ಪ್ರೊಯೇಟ್ ಇವು ಹಾಲಿನಲ್ಲಿ ಅಲ್ಪ. ಲೆವೆಟಿರಾಸೆಟಮ್ ಹಾಲಿಗೆ ಇಳಿಯುತ್ತದೆಯಾದರೂ ಕೂಸಿನ ರಕ್ತದಲ್ಲಿ ನಿಲ್ಲುವುದು ಕಡಿಮೆ. ಲ್ಯಾಮೊಟ್ರಿಜಿನ್ ಸ್ವಲ್ಪ ಹೆಚ್ಚು ಇಳಿಯುವಂಥದು. ಹೆಚ್ಚಿನ ಕೂಸುಗಳಿಗೆ ತೊಂದರೆಯಾಗದಿದ್ದರೂ ನಿಗಾ ಬೇಕು. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ: ಬಸುರಿನಲ್ಲಿ ದೇಹವು ಈ ಔಷಧಿಯನ್ನು ಬೇಗ ಹೊರಹಾಕುವುದರಿಂದ ಪ್ರಮಾಣವನ್ನು ಏರಿಸಿರುತ್ತಾರೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ದೇಹವು ಮೊದಲಿನಂತಾಗುತ್ತದೆ. ಏರಿಸಿದ ಪ್ರಮಾಣವನ್ನು ಇಳಿಸದಿದ್ದರೆ ತಾಯಿಗೆ ತಲೆಸುತ್ತು, ಎರಡೆರಡಾಗಿ ಕಾಣುವುದು, ತೂರಾಡುವುದು ಆರಂಭವಾಗುತ್ತದೆ. ಇಳಿಸುವ ಕೆಲಸ ವೈದ್ಯರದು, ಮನೆಯವರದಲ್ಲ. ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಫಿನೋಬಾರ್ಬಿಟಾಲಿಗೆ. ಅದು ಕೂಸಿಗೆ ಮಂಪರು ತರಬಲ್ಲುದು. ಹಾಲುಣಿಸಿದ ಕೂಡಲೆ ಗುಳಿಗೆ ನುಂಗಿ, ಮುಂದಿನ ಸರತಿಯ ಹೊತ್ತಿಗೆ ಹಾಲಿನಲ್ಲಿ ಅದರ ಅಂಶ ಕಡಿಮೆಯಾಗುವಂತೆ ನೋಡಿಕೊಳ್ಳಿರೆಂಬ ಸಲಹೆಯನ್ನು ಕೇಳಿರಬಹುದು. ಬೇಗ ಇಳಿದುಹೋಗುವ ಔಷಧಿಗಳಿಗೆ ಅದು ಸರಿಯೇ. ಆದರೆ ಫಿನೋಬಾರ್ಬಿಟಾಲಿನ ಅರ್ಧ ಭಾಗ ಇಳಿಯಲು ದೊಡ್ಡವರಲ್ಲಿಯೇ ಸುಮಾರು ಮೂರು ದಿನ ಬೇಕು. ಅಲ್ಲಿ ಗಂಟೆಯ ಲೆಕ್ಕ ನಡೆಯುವುದಿಲ್ಲ.

'ಈಗ ಏನೂ ಆಗದಿರಬಹುದು, ಮುಂದೆ ಮಗುವಿನ ಬುದ್ಧಿ ಮಂದವಾದರೆ?' ಎಂಬುದು ಬೀಗಿತಿಯವರ ಎರಡನೆಯ ಪ್ರಶ್ನೆಯಾಗಿತ್ತು. ಪ್ರಶ್ನೆಯು ನ್ಯಾಯವಾದದ್ದೇ. ಅಮೆರಿಕ ಮತ್ತು ಬ್ರಿಟನ್ನಿನ ವೈದ್ಯರು ಇದನ್ನೇ ಕೇಳಿಕೊಂಡು, ಒಂದೇ ಔಷಧಿಯನ್ನು ಸೇವಿಸುತ್ತಿದ್ದ ಗರ್ಭಿಣಿಯರನ್ನು 1999ರಿಂದ 2004ರವರೆಗೆ ಹೆಸರು ನೋಂದಾಯಿಸಿಕೊಂಡು, ಅವರ ಮಕ್ಕಳು ಬೆಳೆಯುವುದನ್ನು ವರ್ಷಗಟ್ಟಲೆ ಗಮನಿಸಿದರು. ಕಾರ್ಬಮಜೆಪಿನ್, ಲ್ಯಾಮೊಟ್ರಿಜಿನ್, ಫೆನಿಟೋಯಿನ್, ವಾಲ್‌ಪ್ರೊಯೇಟ್ ಈ ನಾಲ್ಕು ಔಷಧಿಗಳು ಅದರಲ್ಲಿದ್ದವು. ಮಕ್ಕಳಿಗೆ ಮೂರು ವರ್ಷವಾದಾಗಿನ ಫಲಿತಾಂಶ 2010ರಲ್ಲಿಯೂ, ಆರು ವರ್ಷವಾದಾಗಿನದು 2014ರಲ್ಲಿಯೂ ಪ್ರಕಟವಾದವು. ಆರು ವರ್ಷದ 181 ಮಕ್ಕಳಲ್ಲಿ ಎದೆಹಾಲು ಕುಡಿದವರ ಬುದ್ಧಿಮಟ್ಟವು ಕುಡಿಯದವರಿಗಿಂತ ಕಡಿಮೆಯಿರಲಿಲ್ಲ. ಸರಾಸರಿ ನಾಲ್ಕು ಅಂಶ ಹೆಚ್ಚೇ ಇತ್ತು. ಆ ನಾಲ್ಕು ಅಂಶಗಳನ್ನು ನಾನು ಹೆಚ್ಚು ಎತ್ತಿ ಆಡುವುದಿಲ್ಲ, ಹಾಲೂಡಿಸಿದ ಮನೆಗಳ ಆರೈಕೆಯೂ ಬೇರೆಯಿದ್ದಿರಬಹುದು. ಕೇಡಾಗಲಿಲ್ಲ ಎಂಬುದಷ್ಟೇ ನಮ್ಮ ಪ್ರಶ್ನೆಗೆ ಸಾಕು.

ನಮ್ಮ ದಕ್ಷಿಣದಲ್ಲಿಯೂ ಈ ಕೆಲಸ ನಡೆದಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಮೂರ್ಛೆರೋಗವುಳ್ಳ ಗರ್ಭಿಣಿಯರ ಮತ್ತು ಅವರ ಮಕ್ಕಳ ಯೋಗಕ್ಷೇಮವನ್ನು ದಾಖಲಿಸುವ ನೋಂದಣಿಯೊಂದು 1998ರಲ್ಲಿ ಆರಂಭವಾಯಿತು.

ವಾಲ್‌ಪ್ರೊಯೇಟಿನ ವಿಷಯದಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಗರ್ಭದಲ್ಲಿರುವ ಶಿಶುವಿಗೆ ಅದು ನಿಜವಾಗಿಯೂ ಅಪಾಯಕಾರಿ. ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಹುಟ್ಟಿನಿಂದಲೇ ಅಂಗದೋಷ ಉಂಟಾಗುತ್ತದೆ, ಬುದ್ಧಿಯ ಬೆಳವಣಿಗೆಗೂ ಕುಂದು ಬರುತ್ತದೆ. ಆದುದರಿಂದ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಬೇರೆ ಔಷಧಿ ಒಗ್ಗುವುದಾದರೆ ಅದನ್ನು ಕೊಡುವುದಿಲ್ಲ. ಈ ಚರ್ಚೆಯು ಮದುವೆಯಾದ ಕೂಡಲೆ ಆಗಬೇಕಾದುದು, ಬಾಣಂತಿ ಕೋಣೆಯಲ್ಲಿ ಆಗಬೇಕಾದುದಲ್ಲ. ಗರ್ಭಕ್ಕೆ ಹೇಳಿದ ಮಾತನ್ನು ಹಾಲಿಗೆ ಹಚ್ಚಿ ಅನೇಕರು ಭಯಪಡುತ್ತಾರೆ. ಹಾಲಿನಲ್ಲಿ ಅದರ ಅಂಶ ತೀರ ಅಲ್ಪ.

ಇನ್ನು 'ನೋಡಿಕೊಂಡು ಮಾಡು' ಎಂದು ನಾನು ಅರ್ಥವಿಲ್ಲದೆ ಆಡಿದ ಮಾತಿಗೆ ಅರ್ಥ ತುಂಬುವೆ. ಕೂಸು ಎಚ್ಚರವಾಗಿ, ಬಲವಾಗಿ ಚೀಪುತ್ತಿದೆಯೆ? ಎರಡು ಮೂರು ಗಂಟೆಗೊಮ್ಮೆ ತಾನಾಗಿಯೇ ಹಸಿದು ಏಳುತ್ತದೆಯೆ, ಇಲ್ಲವೆ ಎಬ್ಬಿಸಿದರೂ ಮೊಲೆಯನ್ನು ಬಾಯಲ್ಲಿಟ್ಟುಕೊಂಡೇ ಮಲಗಿಬಿಡುತ್ತದೆಯೆ? ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಬಾರಿಯಾದರೂ ಉಚ್ಚೆ ಹೊಯ್ಯುತ್ತದೆಯೆ? ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟಿದ ತೂಕ ಮರಳಬೇಕು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಇಪ್ಪತ್ತರಿಂದ ಮೂವತ್ತು ಗ್ರಾಂ ಏರಬೇಕು. ಅಂಗನವಾಡಿಯ ತಕ್ಕಡಿ ಇದಕ್ಕೆ ಸಾಕು. ಮೈ ಕಣ್ಣುಗಳ ಹಳದಿ ಹೆಚ್ಚುತ್ತಿದ್ದರೆ, ಮೈಮೇಲೆ ಗುಳ್ಳೆಗಳೆದ್ದರೆ ಕೂಡಲೆ ತೋರಿಸಬೇಕು. ತಿಂಗಳು ತುಂಬುವ ಮುನ್ನ ಹುಟ್ಟಿದ ಕೂಸಿನ ಪಿತ್ತಕೋಶ, ಮೂತ್ರಪಿಂಡಗಳು ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಅದಕ್ಕೆ ನಿಗಾ ಇಮ್ಮಡಿಯಾಗಬೇಕು. ಹುಟ್ಟಿದೊಡನೆ ಕೂಸಿಗೆ ಕೊಡುವ 'ಕೆ' ಜೀವಸತ್ವದ ಇಂಜೆಕ್ಷನ್ ಎಲ್ಲ ಮಕ್ಕಳಿಗೂ ಬೇಕು, ಈ ತಾಯಂದಿರ ಮಕ್ಕಳಿಗಂತೂ ತಪ್ಪಿಸಲೇಬಾರದು.

ಆದರೆ ಆ ವೈದ್ಯೆಯು ನನಗೆ ಹೇಳಿದಂತೆ ಮೂರ್ಛೆರೋಗವುಳ್ಳ ಬಾಣಂತಿಗೆ ದೊಡ್ಡ ಶತ್ರು ಔಷಧಿಯಲ್ಲ, ನಿದ್ರಾಭಂಗ. ನಿದ್ದೆಗೆಟ್ಟರೆ ಗುಳಿಗೆ ನುಂಗುತ್ತಿದ್ದರೂ ಮೂರ್ಛೆ ಬರಬಹುದು. ಗುಳಿಗೆಯನ್ನೂ ಬಿಟ್ಟು ನಿದ್ದೆಯನ್ನೂ ಕೆಟ್ಟರೆ ಒಂದರ ಹಿಂದೊಂದರಂತೆ ನಿಲ್ಲದೆ ಬರುವ ಮೂರ್ಛೆಗೆ ಸಿಲುಕಿ ಪ್ರಾಣಕ್ಕೇ ಎರವಾಗಬಹುದು. ಇಲ್ಲಿ ಮನೆಯವರ ಕೆಲಸ ಆರಂಭವಾಗುತ್ತದೆ. ಮಲಗುವ ಮುನ್ನ ತಾಯಿಯು ಹಾಲನ್ನು ಹಿಂಡಿ ಶುಚಿಯಾದ ಪಾತ್ರೆಯಲ್ಲಿ ಮುಚ್ಚಿಟ್ಟರೆ, ರಾತ್ರಿಯ ಒಂದು ಸರತಿಯನ್ನು ಅಜ್ಜಿಯೋ ತಂದೆಯೋ ಒಳಲೆಯಿಂದ ಕುಡಿಸಬಹುದು. ಹಿಂಡಿದ ಹಾಲನ್ನು ಹೊರಗಿಟ್ಟರೆ ನಾಲ್ಕು ಗಂಟೆಯೊಳಗೆ ಬಳಸಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಅದಕ್ಕೂ ಮುಂಚೆ. ಹೀಗೆ ತಾಯಿಗೆ ಒಂದೇ ಸಮನೆ ಐದಾರು ಗಂಟೆ ನಿದ್ದೆ ದೊರೆತರೆ ಅದು ಅರ್ಧ ಔಷಧಿ. ತಂದೆಯಾದವನು ಒಳಲೆ ಹಿಡಿಯುವುದನ್ನು ನಮ್ಮ ಮನೆಗಳಲ್ಲಿ ನಾನು ಹೆಚ್ಚು ಕಂಡಿಲ್ಲ. ಈ ಮನೆಯಲ್ಲಿ ಅಳಿಯಂದಿರು ರಜೆ ಹಾಕಿ ಬಂದು ಹಿಡಿದರು.

ನಮ್ಮ ಬಾಣಂತನದ ಪದ್ಧತಿಯಲ್ಲಿ ಈ ತಾಯಂದಿರಿಗೆ ಒಳಿತಾದುದೂ ಉಂಟು, ಅಪಾಯಕರವಾದುದೂ ಉಂಟು. ನೆಲದ ಮೇಲೆ ಗೋಡೆಗೊರಗಿ, ಸುತ್ತಲೂ ಕೌದಿ ಹಾಸಿಕೊಂಡು ಹಾಲುಣಿಸುವುದು ಅತ್ಯುತ್ತಮ. ಬಾಣಂತಿಯನ್ನು ಒಬ್ಬಳನ್ನೇ ಬಿಡದಿರುವ ಹಿರಿಯರ ನಿಯಮವೂ ಒಳ್ಳೆಯದು. ಆದರೆ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆಯನ್ನಿಡುವುದು ಈ ತಾಯಿಯ ಕೋಣೆಯಲ್ಲಿ ಬೇಡವೇ ಬೇಡ. ಕುದಿಯುವ ನೀರಿನ ಹಂಡೆಯ ಬಳಿ ಒಬ್ಬಳೇ ಇರಬಾರದು, ಬಚ್ಚಲಿನ ಬಾಗಿಲಿಗೆ ಅಗಳಿ ಹಾಕಬಾರದು. ಕೂಸಿಗೆ ನೀರು ಹಾಕುವಾಗ ಮತ್ತೊಬ್ಬರು ಜೊತೆಗಿರಬೇಕು. ಕೂಸನ್ನೆತ್ತಿಕೊಂಡು ಮೆಟ್ಟಿಲು ಹತ್ತಿ ಇಳಿಯುವುದನ್ನು ಸಾಧ್ಯವಾದಷ್ಟು ತಪ್ಪಿಸಬೇಕು.

ಮೂರ್ಛೆ ಬಂದೇ ಬಂದರೆ ಮೊದಲು ಕೂಸನ್ನು ಎತ್ತಿಕೊಳ್ಳಿರಿ. ತಾಯಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿರಿ. ಕೈಯಲ್ಲಿ ಕೀಲಿಕೈ ಹಿಡಿಸುವುದು, ಉಳ್ಳಾಗಡ್ಡಿ ಅಥವಾ ಚಪ್ಪಲಿ ಮೂಸಿಸುವುದು, ಹಲ್ಲುಗಳ ನಡುವೆ ಚಮಚ ತುರುಕುವುದು, ನೀರು ಕುಡಿಸುವುದು ಇವಾವುವೂ ಬೇಡ. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು.

ಈ ರೋಗಕ್ಕೆ ಅಂಟಿದ ಕಳಂಕವು ರೋಗಕ್ಕಿಂತ ಹಳೆಯದೆನಿಸುತ್ತದೆ. 'ಅಪಸ್ಮಾರ' ಎಂದರೆ ನೆನಪು ತಪ್ಪುವುದು, ಅಷ್ಟೇ. ಅದರಲ್ಲಿ ಪಾಪವೂ ಇಲ್ಲ, ಗಾಳಿಯೂ ಇಲ್ಲ. ಹಿಂದೂ ವಿವಾಹ ಕಾಯಿದೆಯಲ್ಲಿ ವಿವಾಹಕ್ಕೆ ಅಡ್ಡಿಯೆಂದು ನಮೂದಾಗಿದ್ದ ಈ ರೋಗದ ಹೆಸರನ್ನು 1999ರ ತಿದ್ದುಪಡಿಯು ತೆಗೆದುಹಾಕಿತು. ಕಾಯಿದೆಯು ಬಿಟ್ಟದ್ದನ್ನು ಮನೆಗಳು ಇನ್ನೂ ಬಿಟ್ಟಿಲ್ಲ. ಜನನಸೂತಕವನ್ನೇ ಒಲ್ಲೆವೆಂದ ಮನೆತನಗಳು ನಮ್ಮವು. ಅಲ್ಲಿಯೇ ಔಷಧಿಯ ಸೂತಕವನ್ನು ತಾಯಿಯ ಎದೆಗೆ ಅಂಟಿಸುತ್ತಿರುವುದನ್ನು ಕಂಡಾಗ ನನಗೆ ನಾಚಿಕೆಯಾಗುತ್ತದೆ, ಅಂಟಿಸಿದವರಲ್ಲಿ ನಾನೂ ಒಬ್ಬನಾದ್ದರಿಂದ. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಅಳತೆಯುಳ್ಳ ಗುಳಿಗೆಗೆ ಹೆದರುವ ಮನೆಯಲ್ಲಿಯೇ ಹತ್ತು ದಿನದ ಕೂಸಿಗೆ ಬಜೆ, ಜಾಯಿಕಾಯಿ ತೇಯ್ದು ಅಳತೆಯಿಲ್ಲದೆ ನೆಕ್ಕಿಸುತ್ತಾರೆ. ಮೂರ್ಛೆಗೆಂದು ಹೆಸರಿಲ್ಲದ ಪುಡಿಯನ್ನು ತಂದು ತಾಯಿಗೆ ತಿನ್ನಿಸುತ್ತಾರೆ. ಆ ಪುಡಿಯಲ್ಲೇನಿದೆಯೆಂದು ಯಾರೂ ಕೇಳುವುದಿಲ್ಲ.

ಉಳಿದ ವ್ಯಾಧಿಗಳ ಮಾತನ್ನು ಸಂಕ್ಷೇಪವಾಗಿ ಹೇಳುವೆ. ಥೈರಾಯ್ಡ್ ಕೊರತೆಗೆ ಕೊಡುವ ಗುಳಿಗೆಯು ದೇಹದಲ್ಲಿರಬೇಕಾದ ವಸ್ತುವನ್ನೇ ತುಂಬಿಕೊಡುವುದರಿಂದ ಹಾಲುಣಿಸಲು ಅಡ್ಡಿಯಿಲ್ಲ. ಉಬ್ಬಸಕ್ಕೆ ಸೇದುವ ಔಷಧಿಗಳಿಗೂ ಅಡ್ಡಿಯಿಲ್ಲ. ರಕ್ತದೊತ್ತಡಕ್ಕೆ ಲ್ಯಾಬೆಟಲಾಲ್, ನಿಫಿಡಿಪಿನ್ ಮುಂತಾದವು ಒಗ್ಗುತ್ತವೆ. ಅಟೆನಲಾಲ್ ಹಾಲಿಗೆ ಹೆಚ್ಚು ಇಳಿಯುವುದರಿಂದ ಬದಲಿಸಿಕೊಳ್ಳುವುದು ಲೇಸು. ಕ್ಷಯರೋಗದ ಮೊದಲ ಸಾಲಿನ ಔಷಧಿಗಳನ್ನು ಸೇವಿಸುತ್ತಲೇ ಹಾಲುಣಿಸಬಹುದು; ಆದರೆ ಹಾಲಿನಲ್ಲಿ ಬರುವ ಅಲ್ಪಾಂಶವು ಕೂಸನ್ನು ಕ್ಷಯದಿಂದ ಕಾಪಾಡಲಾರದು, ಕೂಸಿನ ರಕ್ಷಣೆಗೆ ಬೇರೆಯೇ ವ್ಯವಸ್ಥೆ ಬೇಕು. ಮನೋವ್ಯಾಧಿಯುಳ್ಳ ತಾಯಂದಿರಿಗಾಗಿ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿ ಕೂಸುಗಳನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ.

ಹಾಲು ಕೂಡದೆಂದು ಹೇಳಬೇಕಾದ ಔಷಧಿಗಳೂ ಇವೆ. ಕ್ಯಾನ್ಸರ್ ಚಿಕಿತ್ಸೆಯ ಔಷಧಿಗಳು, ಕೀಲುರೋಗಕ್ಕೂ ಕೊಡುವ ಮೆಥೊಟ್ರೆಕ್ಸೇಟ್, ಥೈರಾಯ್ಡಿಗೆ ಕೊಡುವ ವಿಕಿರಣಯುಕ್ತ ಅಯೋಡಿನ್ ಇವು ಅಂಥವು. ಲಿಥಿಯಮ್ ಸೇವಿಸುವ ತಾಯಿಯು ಕೂಸಿನ ರಕ್ತಪರೀಕ್ಷೆಯ ಏರ್ಪಾಡಿಲ್ಲದೆ ಹಾಲುಣಿಸಬಾರದು. ಇಂಥ ಸಂದರ್ಭದಲ್ಲಿ ಮೇಲುಹಾಲು ಕೊಡಬೇಕಾಗಿ ಬಂದ ತಾಯಿಯನ್ನು ಯಾರೂ ಹಂಗಿಸಬಾರದು.

ತಂಗಿಯ ಮಗಳು ಮರುದಿನದಿಂದಲೇ ಗುಳಿಗೆಯನ್ನು ಮತ್ತೆ ಆರಂಭಿಸಿದಳು. ಹಾಲನ್ನು ಒಂದು ದಿನವೂ ನಿಲ್ಲಿಸಲಿಲ್ಲ. ಮಗುವಿಗೆ ಈಗ ಹದಿನಾಲ್ಕು ತಿಂಗಳು, ಗೋಡೆ ಹಿಡಿದು ನಡೆಯುತ್ತದೆ. ಬೀಗಿತಿಯವರು ಗುಳಿಗೆಯ ಡಬ್ಬಿಯನ್ನು ತಮ್ಮ ಕೋಣೆಯಲ್ಲಿಯೇ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಕೊಡುತ್ತಾರೆ.

ನಿಮ್ಮ ಮನೆಯಲ್ಲಿ ನಿತ್ಯ ಔಷಧಿ ಸೇವಿಸುವ ಬಸುರಿ ಇದ್ದರೆ, ಏಳನೆಯ ತಿಂಗಳಿಗೆಲ್ಲ ಆಕೆ ನುಂಗುವ ಎಲ್ಲ ಗುಳಿಗೆಗಳನ್ನೂ, ನಾಟಿ ಪುಡಿಗಳಿದ್ದರೆ ಅವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿಗೆ ಹೋಗಿರಿ. ಹಾಲುಣಿಸಬಹುದೆ, ಹೆರಿಗೆಯಾದ ಮೇಲೆ ಪ್ರಮಾಣ ಬದಲಿಸಬೇಕೆ, ಕೂಸಿನಲ್ಲಿ ಏನನ್ನು ಗಮನಿಸಬೇಕು ಎಂದು ಕೇಳಿ ಬರೆಸಿಕೊಂಡು ಬನ್ನಿರಿ. ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿರಿ.